ಅಮೆರಿಕದ ವಿದೇಶ ಸಂಬಂಧಗಳ ಇತಿಹಾಸ ಕಲಿಸುವ ಆಸೆಯೇ? ಹೈಸ್ಕೂಲೋ, ಯೂನಿವರ್ಸಿಟಿಯೋ, ಸೇನಾ ಕಾಲೇಜೋ, ಸರ್ಕಾರಿ ಕಚೇರಿಯೋ

ಅಮೆರಿಕ ಬೇರೆ ದೇಶಗಳ ಜೊತೆ ಹೇಗೆ ನಡೆದುಕೊಂಡಿತು ಅನ್ನುವ ಇತಿಹಾಸ ಕೆಲವರನ್ನು ಹಿಡಿದರೆ ಬಿಡುವುದಿಲ್ಲ. 1823ರ ಮನ್ರೋ ಘೋಷಣೆ, 1898ರಲ್ಲಿ ಫಿಲಿಪ್ಪೀನ್ಸ್ ಕೈಗೆ ಬಂದದ್ದು, ವಿಯೆಟ್ನಾಂ, ಇರಾನ್, ಇರಾಕ್, ಯಾವುದರ ಮಾತು ತೆಗೆದರೂ ಗಂಟೆಗಟ್ಟಲೆ ಮಾತಾಡುತ್ತಾರೆ. ಇದನ್ನೇ ಪಾಠ ಮಾಡಿಕೊಂಡು ಬದುಕಬಹುದಾ ಎಂದು ಅವರು ಕೇಳಿದರೆ ಸುತ್ತಲಿನವರಿಂದ ಬರುವುದು ಒಂದೇ ಉತ್ತರ: ಪಿಎಚ್‌ಡಿ ಮಾಡು, ಪ್ರೊಫೆಸರ್ ಆಗು.

ಆ ಉತ್ತರ ಸಾಲದು. ಅಮೆರಿಕದಲ್ಲಿ ಈ ವಿಷಯವನ್ನೇ ನಂಬಿ ಬದುಕುವವರು ಹೈಸ್ಕೂಲಿನಲ್ಲಿದ್ದಾರೆ, ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿದ್ದಾರೆ, ದೊಡ್ಡ ಯೂನಿವರ್ಸಿಟಿಯಲ್ಲಿದ್ದಾರೆ, ಸೇನಾ ಕಾಲೇಜಿನಲ್ಲಿದ್ದಾರೆ, ವಿದೇಶಾಂಗ ಇಲಾಖೆಯ ಕಚೇರಿಯಲ್ಲೂ ಇದ್ದಾರೆ. ಸಂಬಳ, ಭದ್ರತೆ, ಬಿಡುವು ಎಲ್ಲವನ್ನೂ ಹೋಲಿಸಬೇಕು ನಿಜ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ನಿಮ್ಮ ಮುಂದೆ ಯಾರು ಕೂತಿರಬೇಕು ಅಂತ. ಯುದ್ಧ ಯಾಕೆ ಆಯಿತು ಎಂದು ಹದಿನಾರು ವರ್ಷದ ಹುಡುಗಿಗೆ ಹೇಳುವುದು ಒಂದು ಕೆಲಸ. ಮುಂದಿನ ಯುದ್ಧಕ್ಕೆ ಹೋಗಲಿರುವ ನೌಕಾಪಡೆಯ ಕಮಾಂಡರ್‌ಗೆ ಹೇಳುವುದು ಬೇರೆಯೇ ಕೆಲಸ. ಒಂದನ್ನು ಇಷ್ಟಪಡುವವರಿಗೆ ಇನ್ನೊಂದು ಹಿಡಿಸಲೇಬೇಕು ಅಂತೇನಿಲ್ಲ.

ಹೈಸ್ಕೂಲ್: ಜನ ಕಡೆಗಣಿಸುವ ದಾರಿ

ಬೇಕೆಂದೇ ಇದರಿಂದ ಶುರು ಮಾಡುತ್ತಿದ್ದೇನೆ. ಪ್ರೊಫೆಸರ್ ಆಗಲಾಗದವರು ಬರುವ ಜಾಗ ಇದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದು ತಪ್ಪು ಅಭಿಪ್ರಾಯ.

ಸರ್ಕಾರಿ ಹೈಸ್ಕೂಲಿನಲ್ಲಿ ಕಲಿಸಲು ಬಿಎ ಪದವಿ, ಶಿಕ್ಷಕ ತರಬೇತಿ ಮತ್ತು ಆಯಾ ರಾಜ್ಯದ ಲೈಸೆನ್ಸ್ ಬೇಕು. ಬಹಳಷ್ಟು ರಾಜ್ಯಗಳಲ್ಲಿ ಪ್ರ್ಯಾಕ್ಸಿಸ್ ಅನ್ನುವ ಪರೀಕ್ಷೆ ಇದೆ. ಖಾಸಗಿ ಶಾಲೆಗಳಿಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಕಿಲ್ಲ, ವಿಷಯ ಚೆನ್ನಾಗಿ ಗೊತ್ತಿದ್ದರೆ ಸಾಕು. ದಿನಕ್ಕೆ ಸುಮಾರು ಐದು ತರಗತಿ, ಒಂದೊಂದರಲ್ಲೂ ಇಪ್ಪತ್ತೈದು ಮೂವತ್ತು ಮಕ್ಕಳು. ವಿದೇಶ ಸಂಬಂಧ ಒಂದನ್ನೇ ವರ್ಷವಿಡೀ ಕಲಿಸುವ ಭಾಗ್ಯ ಇಲ್ಲಿ ಸಿಗುವುದು ಅಪರೂಪ. ವಸಾಹತು ಕಾಲ, ಗುಲಾಮಗಿರಿ, ಅಂತರ್ಯುದ್ಧ, ನಾಗರಿಕ ಹಕ್ಕು, ಎಲ್ಲವನ್ನೂ ಕಲಿಸಬೇಕು. ನಿಮ್ಮ ಪ್ರೀತಿಯ ವಿಷಯಕ್ಕೆ ಅದರ ನಡುವೆ ಕೆಲವು ವಾರ ಸಿಗುತ್ತವೆ.

ಆದರೆ ಆ ಕೆಲವು ವಾರಗಳ ಬೆಲೆ ದೊಡ್ಡದು. ಕಾಲೇಜಿಗೆ ಹೋಗದ ಮಕ್ಕಳು ಇತಿಹಾಸದ ಮೇಷ್ಟ್ರನ್ನು ಕೊನೆಯ ಸಲ ನೋಡುವುದು ಇಲ್ಲೇ. ಎರಡು ವರ್ಷದಲ್ಲಿ ಅವರು ವೋಟು ಹಾಕುತ್ತಾರೆ, ಕೆಲವರು ಸೇನೆ ಸೇರುತ್ತಾರೆ. ವಿಯೆಟ್ನಾಂ ಯುದ್ಧಕ್ಕೆ ದಾರಿ ತೆರೆದ 1964ರ ಟಾಂಕಿನ್ ಕೊಲ್ಲಿ ನಿರ್ಣಯ ಹೇಗೆ ಪಾಸಾಯಿತು, ಯಾವ ಮಾಹಿತಿಯ ಮೇಲೆ ಪಾಸಾಯಿತು ಎಂದು ಅವರಿಗೆ ನೀವು ಹೇಳದೆ ಇದ್ದರೆ ಇನ್ಯಾರೂ ಹೇಳುವುದಿಲ್ಲ.

ಚುರುಕಾದ ಮಕ್ಕಳು ಹೈಸ್ಕೂಲಿನಲ್ಲೇ ತೆಗೆದುಕೊಳ್ಳುವ ಕಾಲೇಜು ಮಟ್ಟದ ಎಪಿ ಅಮೆರಿಕನ್ ಇತಿಹಾಸದ ಕೋರ್ಸ್ ಸಿಕ್ಕರೆ ಕೆಲಸ ಇನ್ನೂ ರುಚಿಸುತ್ತದೆ. ಪ್ರತಿ ಮೇ ತಿಂಗಳು ನಡೆಯುವ ಅದರ ಪರೀಕ್ಷೆಯಲ್ಲಿ ಏಳು ದಾಖಲೆ ಮುಂದಿಟ್ಟು ಪ್ರಬಂಧ ಬರೆಸುತ್ತಾರೆ. ಒಟ್ಟು ಅಂಕದ 25 ಶೇಕಡ ಅದಕ್ಕೇ. ಬರೆದವರು ಯಾರು, ಯಾರಿಗಾಗಿ, ಯಾವ ಹೊತ್ತಿನಲ್ಲಿ ಎಂದು ಮಕ್ಕಳು ಕೇಳಬೇಕು. ಪಿಎಚ್‌ಡಿ ವಿದ್ಯಾರ್ಥಿ ಮಾಡುವ ಕೆಲಸವೂ ಮೂಲದಲ್ಲಿ ಇದೇ ಅಲ್ವಾ? 1974ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾದ ನ್ಯಾಷನಲ್ ಹಿಸ್ಟರಿ ಡೇ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಶಿಕ್ಷಕರು ಅವರನ್ನು ನೇರವಾಗಿ ಮೂಲ ದಾಖಲೆಗಳಿಗೇ ಕೈಹಾಕಿಸುತ್ತಾರೆ.

ಸಂಬಳದ ವಿಚಾರ. ಸರ್ಕಾರಿ ಶಾಲಾ ಶಿಕ್ಷಕರ ರಾಷ್ಟ್ರೀಯ ಸರಾಸರಿ ವರ್ಷಕ್ಕೆ ಸುಮಾರು 70 ಸಾವಿರ ಡಾಲರ್. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಸರಾಸರಿ 90 ಸಾವಿರ ದಾಟುತ್ತದೆ, ಮಿಸಿಸಿಪ್ಪಿ, ಫ್ಲಾರಿಡಾದಂಥ ಕಡೆ 50ರ ಆಸುಪಾಸಿನಲ್ಲೇ ಇರುತ್ತದೆ. ಅನುಭವ ಮತ್ತು ಪದವಿ ನೋಡಿ ಸಂಬಳದ ಪಟ್ಟಿ ಮೊದಲೇ ಬರೆದಿಟ್ಟಿರುತ್ತಾರೆ. ಎಂಎ ಮಾಡಿದರೆ ಒಂದು ಮೆಟ್ಟಿಲು ಮೇಲೆ. ಸಾಮಾನ್ಯವಾಗಿ ಪಿಂಚಣಿ ಇದೆ. ವಾಸಿಸಬೇಕಾದ ಊರನ್ನು ನೀವೇ ಆರಿಸಿಕೊಳ್ಳಬಹುದು. ಇದು ಎಷ್ಟು ದೊಡ್ಡ ಅನುಕೂಲ ಅಂತ ಯೂನಿವರ್ಸಿಟಿ ಕೆಲಸ ಹುಡುಕಿದವರನ್ನು ಕೇಳಿ.

ಕಷ್ಟವೂ ಇದೆ. ತಿದ್ದುವ ಕೆಲಸ ಮುಗಿಯುವುದೇ ಇಲ್ಲ. ಸ್ಕೂಲ್ ಬೋರ್ಡ್ ರಾಜಕೀಯ ತರಗತಿಯ ಒಳಗೇ ಬರುತ್ತದೆ. 2014ರಲ್ಲಿ ಕೊಲರಾಡೋದ ಜೆಫರ್ಸನ್ ಕೌಂಟಿಯಲ್ಲಿ ದೇಶಪ್ರೇಮ ಹೆಚ್ಚಿಸುವಂತೆ ಈ ಎಪಿ ಕೋರ್ಸನ್ನೇ ಪರಿಶೀಲಿಸಬೇಕು ಎಂಬ ಪ್ರಸ್ತಾಪ ಬಂತು. ನೂರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದರು. ಅಮೆರಿಕ ಹೊರದೇಶಗಳಲ್ಲಿ ಮಾಡಿದ್ದನ್ನು ಇದ್ದ ಹಾಗೆ ಹೇಳುವವರಿಗೆ ಇಂಥ ಜಗಳ ತಪ್ಪಿದ್ದಲ್ಲ. ಆ ಜಗಳಕ್ಕೆ ಮನಸ್ಸು ಗಟ್ಟಿ ಇರಬೇಕು.

ಈ ದಾರಿಯ ಮಾತು ಬಂದಾಗ ನನಗೆ ನೆನಪಾಗುವುದು ಮರ್ಜ್ ಟೇಟ್. ಮಿಶಿಗನ್‌ನಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. 1927ರಲ್ಲಿ ಪದವಿ ಮುಗಿಸಿದಾಗ ಬಣ್ಣದ ಕಾರಣಕ್ಕೆ ಅಲ್ಲಿನ ಹೈಸ್ಕೂಲುಗಳು ಅವರಿಗೆ ಕೆಲಸ ಕೊಡಲಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಕಪ್ಪು ಮಕ್ಕಳಿಗಾಗಿ ಆಗ ತಾನೇ ತೆರೆದಿದ್ದ ಕ್ರಿಸ್ಪಸ್ ಆಟಕ್ಸ್ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದರು, ಮಕ್ಕಳಿಗಾಗಿ ಪ್ರವಾಸದ ಕ್ಲಬ್ ಕಟ್ಟಿದರು. ಅಲ್ಲಿಂದ ಆಕ್ಸ್‌ಫರ್ಡ್‌ಗೆ ಹೋದರು. 1941ರಲ್ಲಿ ಹಾರ್ವರ್ಡ್‌ನ ಮಹಿಳಾ ಕಾಲೇಜಾದ ರಾಡ್‌ಕ್ಲಿಫ್‌ನಿಂದ ಪಿಎಚ್‌ಡಿ ಪಡೆದರು. 1942ರಿಂದ 1977ರವರೆಗೆ ಹೋವರ್ಡ್ ಯೂನಿವರ್ಸಿಟಿಯಲ್ಲಿ ರಾಜತಾಂತ್ರಿಕ ಇತಿಹಾಸ ಕಲಿಸಿದರು. ನಿಶ್ಶಸ್ತ್ರೀಕರಣ, ಪೆಸಿಫಿಕ್ ದ್ವೀಪಗಳ ಮೇಲೆ ಅಮೆರಿಕದ ಹಿಡಿತ, ಇವು ಅವರ ಕ್ಷೇತ್ರ. ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ಫೆಲೋಶಿಪ್ ಮೇಲೆ 1950ರಲ್ಲಿ ಭಾರತಕ್ಕೂ ಬಂದು ಶಾಂತಿನಿಕೇತನದಲ್ಲಿ ಪಾಠ ಮಾಡಿದರು. ಹೈಸ್ಕೂಲಿಗೆ ಹೋದರೆ ಮುಂದಿನ ದಾರಿ ಮುಚ್ಚಿತು ಅನ್ನುವವರು ಇವರ ಬದುಕನ್ನು ಒಮ್ಮೆ ನೋಡಬೇಕು.

ಕಮ್ಯುನಿಟಿ ಕಾಲೇಜ್

ಇಲ್ಲಿಗೆ ಎಂಎ ಸಾಕು, ಈಗೀಗ ಪಿಎಚ್‌ಡಿ ಆದವರೂ ಅರ್ಜಿ ಹಾಕುತ್ತಾರೆ. ಸೆಮಿಸ್ಟರಿಗೆ ಐದು ಕೋರ್ಸ್ ಮಾಮೂಲು. ಸಂಶೋಧನೆಯ ಒತ್ತಡ ಇಲ್ಲ, ಅದಕ್ಕೆ ಸಮಯವೂ ಇಲ್ಲ. ಕೆಲಸ ಮಾಡುತ್ತಾ ಓದುವವರು, ಸೇನೆಯಿಂದ ವಾಪಸ್ ಬಂದವರು, ವಲಸಿಗರು ನಿಮ್ಮ ಮುಂದೆ ಇರುತ್ತಾರೆ. ಇರಾಕ್ ಬಗ್ಗೆ ಪಾಠ ಮಾಡುವಾಗ ಇರಾಕಿಗೆ ಹೋಗಿ ಬಂದವರೇ ಎರಡನೇ ಸಾಲಿನಲ್ಲಿ ಕೂತಿರಬಹುದು. ಪೂರ್ಣಾವಧಿ ಕೆಲಸ ಸಿಕ್ಕರೆ ಒಳ್ಳೆಯ ಬದುಕು. ತೊಂದರೆ ಏನೆಂದರೆ ಇಲ್ಲಿನ ಪಾಠದ ದೊಡ್ಡ ಪಾಲು ಅಡ್ಜಂಕ್ಟ್‌ಗಳ ಹೆಗಲ ಮೇಲಿದೆ. ನಮ್ಮ ಅತಿಥಿ ಉಪನ್ಯಾಸಕರ ಪಾಡೇ ಅದು. ಕೋರ್ಸಿಗೆ ಕೆಲವು ಸಾವಿರ ಡಾಲರ್, ಮುಂದಿನ ಸೆಮಿಸ್ಟರಿನ ಖಾತ್ರಿ ಇಲ್ಲ, ಬಹಳ ಕಡೆ ಆರೋಗ್ಯ ವಿಮೆಯೂ ಇಲ್ಲ. ಒಂದೆರಡು ವರ್ಷಕ್ಕಿಂತ ಜಾಸ್ತಿ ಅದರಲ್ಲೇ ಇರಬೇಡಿ.

ಯೂನಿವರ್ಸಿಟಿ: ಎಲ್ಲರೂ ಬಯಸುವ ದಾರಿ

ಈ ದಾರಿಯ ಸೊಗಸು ನೋಡಬೇಕಾದರೆ ಕಾರ್ನೆಲ್‌ನ ವಾಲ್ಟರ್ ಲಾಫೀಬರ್ ಅವರನ್ನು ನೋಡಬೇಕು. 1959ರಲ್ಲಿ ಅಲ್ಲಿಗೆ ಸೇರಿ 2006ರವರೆಗೆ ಅಮೆರಿಕದ ವಿದೇಶ ನೀತಿಯ ಇತಿಹಾಸ ಕಲಿಸಿದರು. ಬೋರ್ಡಿನ ಮೇಲೆ ಕೆಲವೇ ಅಂಶ ಬರೆದು, ಟಿಪ್ಪಣಿ ನೋಡದೆ ಮಾತಾಡುತ್ತಿದ್ದರು. ಕೊನೆಯ ಉಪನ್ಯಾಸವನ್ನು ನ್ಯೂಯಾರ್ಕ್‌ನ ಬೀಕನ್ ಥಿಯೇಟರ್‌ನಲ್ಲಿ ಇಡಬೇಕಾಯಿತು, ಸುಮಾರು 3,000 ಹಳೆಯ ವಿದ್ಯಾರ್ಥಿಗಳೂ ಅಭಿಮಾನಿಗಳೂ ಬಂದಿದ್ದರು. ಕ್ಲಿಂಟನ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಸ್ಯಾಂಡಿ ಬರ್ಗರ್, ಬುಷ್ ಅವರ ಭದ್ರತಾ ಸಲಹೆಗಾರ ಸ್ಟೀಫನ್ ಹ್ಯಾಡ್ಲಿ, ಇಬ್ಬರೂ ಅವರ ತರಗತಿಯಲ್ಲಿ ಕೂತವರೇ. ಲಾಫೀಬರ್ ಸ್ವತಃ ಅಮೆರಿಕದ ವಿಸ್ತರಣೆಯನ್ನು ಕಟುವಾಗಿ ಪ್ರಶ್ನಿಸಿದವರು. ಆದರೂ ಎರಡೂ ಪಕ್ಷದ ಕಡೆ ಹೋದವರು ಅವರನ್ನು ಗುರು ಎಂದು ಒಪ್ಪಿದರು. ಮೇಷ್ಟ್ರಾಗಿ ಇದಕ್ಕಿಂತ ಇನ್ನೇನು ಬೇಕು?

ಆದರೆ ಅವರು ಕೆಲಸ ಹುಡುಕಿದ ಕಾಲಕ್ಕೂ ಈಗಿನ ಕಾಲಕ್ಕೂ ಹೋಲಿಕೆಯೇ ಇಲ್ಲ. 1960ರ ದಶಕದಲ್ಲಿ ಅಮೆರಿಕದ ಯೂನಿವರ್ಸಿಟಿಗಳು ಬೆಳೆಯುತ್ತಿದ್ದವು, ಮೇಷ್ಟ್ರುಗಳು ಬೇಕಾಗಿದ್ದರು. 2008ರ ಆರ್ಥಿಕ ಕುಸಿತದ ನಂತರ ಇತಿಹಾಸದ ಪೂರ್ಣಾವಧಿ ಹುದ್ದೆಗಳ ಜಾಹೀರಾತು ಸುಮಾರು ಅರ್ಧಕ್ಕೆ ಇಳಿದವು, ಹಳೆಯ ಮಟ್ಟಕ್ಕೆ ಮತ್ತೆ ಏರಲಿಲ್ಲ. ಅದರಲ್ಲೂ ವಿದೇಶ ಸಂಬಂಧ ಒಂದಕ್ಕೇ ಎಂದು ಬರುವ ಜಾಹೀರಾತು ಬೆರಳೆಣಿಕೆಯಷ್ಟು. 2025ರಲ್ಲಿ ಹಾರ್ವರ್ಡ್, ಷಿಕಾಗೊದಂಥ ಶ್ರೀಮಂತ ಯೂನಿವರ್ಸಿಟಿಗಳೂ ಮಾನವಿಕ ವಿಷಯಗಳ ಪಿಎಚ್‌ಡಿ ಸೀಟು ಕಡಿಮೆ ಮಾಡಿದವು.

ದಾರಿಯೂ ಉದ್ದ. ಬಿಎ ಆದ ಮೇಲೆ ಪಿಎಚ್‌ಡಿಗೆ ಆರರಿಂದ ಎಂಟು ವರ್ಷ. ಮೊದಲ ಎರಡು ವರ್ಷ ತರಗತಿ, ಆಮೇಲೆ ನೂರಾರು ಪುಸ್ತಕ ಓದಿ ಕೊಡುವ ಮೌಖಿಕ ಪರೀಕ್ಷೆ, ಆಮೇಲೆ ದಾಖಲೆ ಹುಡುಕಾಟ ಮತ್ತು ಬರವಣಿಗೆ. ಅಸಿಸ್ಟೆಂಟ್ ಪ್ರೊಫೆಸರ್ ಕೆಲಸ ಸಿಕ್ಕರೂ ಕಾಯಂ ಆಗಬೇಕಾದರೆ, ಅಂದರೆ ಟೆನ್ಯೂರ್ ಸಿಗಬೇಕಾದರೆ, ಇನ್ನೂ ಸುಮಾರು ಆರು ವರ್ಷ. ಅಷ್ಟರಲ್ಲಿ ಒಂದು ಪುಸ್ತಕ ಬಂದಿರಬೇಕು. ಸಂಶೋಧನಾ ಯೂನಿವರ್ಸಿಟಿಯಲ್ಲಿ ಸೆಮಿಸ್ಟರಿಗೆ ಎರಡು ಕೋರ್ಸ್ ಕಲಿಸಿದರೆ ಸಾಕು, ಸಣ್ಣ ರಾಜ್ಯ ಕಾಲೇಜಿನಲ್ಲಿ ನಾಲ್ಕು.

ಕಾಯಂ ಆದವರ ಸುಖ ದೊಡ್ಡದೇ. ವಾಷಿಂಗ್ಟನ್ ಹತ್ತಿರದ ಕಾಲೇಜ್ ಪಾರ್ಕ್ ಊರಿನಲ್ಲಿರುವ ರಾಷ್ಟ್ರೀಯ ದಾಖಲಾಲಯದಲ್ಲಿ ವಿದೇಶಾಂಗ ಇಲಾಖೆಯ ಪೆಟ್ಟಿಗೆ ಪೆಟ್ಟಿಗೆ ಕಾಗದಗಳಿವೆ. ಟ್ರೂಮನ್‌ ಲೈಬ್ರರಿಗೆ ಇಂಡಿಪೆಂಡೆನ್ಸ್ ಊರು, ಜಾನ್ಸನ್‌ಗೆ ಆಸ್ಟಿನ್, ಕೆನಡಿಗೆ ಬಾಸ್ಟನ್, ಹೀಗೆ ಅಧ್ಯಕ್ಷರ ಲೈಬ್ರರಿಗಳು ದೇಶದ ತುಂಬ ಹರಡಿವೆ. ಬೇಸಿಗೆಯಿಡೀ ಅಲ್ಲಿ ಕೂತು ಓದಬಹುದು. 1967ರಲ್ಲಿ ಕಟ್ಟಿದ ಈ ಕ್ಷೇತ್ರದ ಸಂಘ ಶಾಫರ್ ಪ್ರತಿ ವರ್ಷ ಸಮ್ಮೇಳನ ನಡೆಸುತ್ತದೆ, ವಿದ್ಯಾರ್ಥಿಗಳಿಗೆ ಸಂಶೋಧನೆಗೆ ಹಣವನ್ನೂ ಕೊಡುತ್ತದೆ. ದಾಖಲೆಯ ವಾಸನೆ ಹಿಡಿದವರಿಗೆ ಬೇರೆ ಕೆಲಸ ರುಚಿಸುವುದು ಕಷ್ಟ.

ಹಾಗಾಗಿ ಇಲ್ಲಿ ನನ್ನ ಮಾತು ನೇರ. ಐದು ವರ್ಷಕ್ಕಾದರೂ ಪೂರ್ತಿ ಫೀಸು ಮನ್ನಾ ಮತ್ತು ಜೀವನಕ್ಕೆ ಆಗುವಷ್ಟು ಸ್ಟೈಪೆಂಡ್ ಬರೆದು ಕೊಟ್ಟರೆ ಮಾತ್ರ ಇತಿಹಾಸದ ಪಿಎಚ್‌ಡಿಗೆ ಸೇರಿ. ಸಾಲ ಮಾಡಿ ಖಂಡಿತ ಬೇಡ. ಮುಗಿದ ಮೇಲೆ ಪ್ರೊಫೆಸರ್ ಆಗದೆ ಇದ್ದರೂ ಆ ವರ್ಷಗಳು ವ್ಯರ್ಥ ಆಗಲಿಲ್ಲ ಎನ್ನಿಸುವಂತಿದ್ದರೆ ಹೋಗಿ.

ಸೇನಾ ಕಾಲೇಜುಗಳು

ಹೆಚ್ಚು ಜನಕ್ಕೆ ಗೊತ್ತಿಲ್ಲದ, ಆದರೆ ಈ ವಿಷಯದವರಿಗೆ ಹೇಳಿ ಮಾಡಿಸಿದ ಜಾಗ ಇದು. ಭೂಸೇನೆಯ ಅಕಾಡೆಮಿ ಇರುವ ವೆಸ್ಟ್ ಪಾಯಿಂಟ್, ನೌಕಾಪಡೆಯ ಅಕಾಡೆಮಿ ಇರುವ ಅನ್ನಾಪೊಲಿಸ್‌ನಲ್ಲಿ ಹದಿಹರೆಯದ ಕೆಡೆಟ್‌ಗಳು. ವೆಸ್ಟ್ ಪಾಯಿಂಟ್‌ನಲ್ಲಿ ಸಮವಸ್ತ್ರದ ಅಧಿಕಾರಿಗಳೇ ಹೆಚ್ಚಾಗಿ ಕಲಿಸುತ್ತಾರೆ, ಅನ್ನಾಪೊಲಿಸ್‌ನಲ್ಲಿ ನಾಗರಿಕ ಪ್ರೊಫೆಸರ್‌ಗಳು ಅರ್ಧದಷ್ಟಿದ್ದಾರೆ. ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ 1884ರಲ್ಲಿ ಶುರುವಾದ ನೇವಲ್ ವಾರ್ ಕಾಲೇಜಿನಲ್ಲಿ ಹತ್ತು ಹದಿನೈದು ವರ್ಷ ಸೇವೆ ಆದ ಅಧಿಕಾರಿಗಳು ವಿದ್ಯಾರ್ಥಿಗಳು.

1972ರಲ್ಲಿ ಅಡ್ಮಿರಲ್ ಸ್ಟ್ಯಾನ್ಸ್‌ಫೀಲ್ಡ್ ಟರ್ನರ್ ಆ ಕಾಲೇಜಿನ ಅಧ್ಯಕ್ಷರಾಗಿ ಬಂದರು. ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿತ್ತು. ಬಂದವರು ಪಾಠಕ್ರಮವನ್ನೇ ಬದಲಿಸಿ, ಅಧಿಕಾರಿಗಳ ಕೈಗೆ ಪ್ರಾಚೀನ ಗ್ರೀಸಿನ ಥುಸಿಡಿಡೀಸ್ ಬರೆದ ಪೆಲೊಪೊನೀಸಿಯನ್ ಯುದ್ಧದ ಇತಿಹಾಸ ಕೊಟ್ಟರು. ಬಲಿಷ್ಠ ಅಥೆನ್ಸ್ ದೂರದ ಸಿಸಿಲಿಗೆ ಹಡಗು ಕಳಿಸಿ ಆ ಪಡೆಯನ್ನೆಲ್ಲ ಕಳೆದುಕೊಂಡ ಕತೆ ಅದರಲ್ಲಿದೆ. ವಿಯೆಟ್ನಾಂ ಬಗ್ಗೆ ನೇರವಾಗಿ ಮಾತಾಡಲು ಹಿಂಜರಿಯುತ್ತಿದ್ದವರು ಸಿಸಿಲಿಯ ನೆಪದಲ್ಲಿ ಮಾತಾಡಬಹುದಿತ್ತು. ಇತಿಹಾಸ ಕಲಿಸುವುದರಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಇದು. ಆ ಕಾಲೇಜಿನಲ್ಲಿ ಇಂದಿಗೂ ಇತಿಹಾಸದ ಉದಾಹರಣೆಗಳಿಂದಲೇ ತಂತ್ರ ಮತ್ತು ನೀತಿ ಕಲಿಸುತ್ತಾರೆ. ಶೀತಲ ಸಮರದ ಹೆಸರಾಂತ ಇತಿಹಾಸಕಾರ ಜಾನ್ ಲೂಯಿಸ್ ಗ್ಯಾಡಿಸ್ ಕೂಡ 1970ರ ದಶಕದಲ್ಲಿ ಇಲ್ಲಿ ಪಾಠ ಮಾಡಿದ್ದಾರೆ. ಅವರ ಖಾಯಂ ನೆಲೆ ಆಗ ಒಹಾಯೋ ಯೂನಿವರ್ಸಿಟಿ, 1997ರಲ್ಲಿ ಯೇಲ್‌ಗೆ ಹೋದರು.

ಸಂಬಳ ಚೆನ್ನಾಗಿರುತ್ತದೆ. ಪಿಎಚ್‌ಡಿ ಬೇಕು. ಕೆಲಸ ಹೆಚ್ಚಾಗಿ ಕೆಲವು ವರ್ಷಗಳ ಒಪ್ಪಂದದ ಮೇಲೆ. ಸರ್ಕಾರ ಬದಲಾದಾಗ ಏನು ಕಲಿಸಬಹುದು, ಲೈಬ್ರರಿಯಲ್ಲಿ ಯಾವ ಪುಸ್ತಕ ಇರಬಹುದು ಅನ್ನುವುದೂ ಅಲುಗಾಡುತ್ತದೆ. 2025ರಲ್ಲಿ ಅನ್ನಾಪೊಲಿಸ್‌ನ ಲೈಬ್ರರಿಯಿಂದ ನೂರಾರು ಪುಸ್ತಕ ಕಪಾಟಿನಿಂದ ಕೆಳಗಿಳಿದವು. ಸೇರುವ ಮೊದಲು ಇದನ್ನು ಯೋಚಿಸಿ.

ವಿದೇಶಾಂಗ ಇಲಾಖೆಯ ಇತಿಹಾಸ ಕಚೇರಿ

ಇಲ್ಲಿ ತರಗತಿ ಇಲ್ಲ. ಆದರೆ ಮೇಲಿನ ಎಲ್ಲ ತರಗತಿಗಳಿಗೂ ದಾಖಲೆ ಹೋಗುವುದು ಇಲ್ಲಿಂದ. ಲಿಂಕನ್ ಕಾಲದಲ್ಲಿ, 1861ರಲ್ಲಿ ಶುರುವಾದ ವಿದೇಶ ಸಂಬಂಧಗಳ ದಾಖಲೆ ಸಂಪುಟಗಳನ್ನು ಈ ಕಚೇರಿಯ ಇತಿಹಾಸಕಾರರು ಸಂಪಾದಿಸುತ್ತಾರೆ. ಬೇರೆ ಯಾರಿಗೂ ಸಿಗದ ರಹಸ್ಯ ಕಡತಗಳನ್ನು ಓದುವುದು, ಯಾವುದು ಮುಖ್ಯ ಎಂದು ಆರಿಸುವುದು, ಅದನ್ನು ಬಹಿರಂಗ ಮಾಡಿಸಲು ಗುಪ್ತಚರ ಸಂಸ್ಥೆಗಳ ಜೊತೆ ವರ್ಷಗಟ್ಟಲೆ ಹಗ್ಗಜಗ್ಗಾಟ ಮಾಡುವುದು, ಇದೇ ಕೆಲಸ.

1989ರಲ್ಲಿ 1951ರಿಂದ 1954ರ ಇರಾನ್ ಸಂಪುಟ ಹೊರಬಂತು. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದ್ದೆಕ್ ಸರ್ಕಾರವನ್ನು ಉರುಳಿಸುವಲ್ಲಿ ಸಿಐಎ ಕೈವಾಡದ ಸುಳಿವೇ ಅದರಲ್ಲಿ ಇರಲಿಲ್ಲ. ಇತಿಹಾಸಕಾರರು ಸಿಟ್ಟಾದರು, ಸಲಹಾ ಸಮಿತಿಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಆ ಗಲಾಟೆಯಿಂದಲೇ 1991ರಲ್ಲಿ ಕಾನೂನು ಬಂತು: ಘಟನೆ ನಡೆದ 30 ವರ್ಷದೊಳಗೆ ಪೂರ್ಣ ಮತ್ತು ಪ್ರಾಮಾಣಿಕ ದಾಖಲೆ ಪ್ರಕಟಿಸಬೇಕು. ಸರಿಪಡಿಸಿದ ಇರಾನ್ ಸಂಪುಟ ಬಂದದ್ದು 2017ರಲ್ಲಿ. ಇಷ್ಟು ತಾಳ್ಮೆ ಇದ್ದವರಿಗೆ ಈ ಕೆಲಸ. ಸರ್ಕಾರಿ ನೌಕರಿ ಗಟ್ಟಿ ಅನ್ನುವ ನಂಬಿಕೆಯನ್ನು ಮಾತ್ರ ಈಗ ಬಿಡಬೇಕು. 2025ರ ಜುಲೈನಲ್ಲಿ ಇದೇ ಇಲಾಖೆ 1,300ಕ್ಕೂ ಹೆಚ್ಚು ನೌಕರರನ್ನು ಮನೆಗೆ ಕಳಿಸಿತು.

ಕನ್ನಡಿಗರು ಹೆಚ್ಚಾಗಿ ನೋಡಬೇಕಾದ ವಿಚಾರ

ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮೇಲಿನ ಎಲ್ಲ ಬಾಗಿಲೂ ತೆರೆದಿವೆ. ಕರ್ನಾಟಕದಿಂದ ಓದಲು ಹೋಗುವವರಿಗೆ ಹಾಗಲ್ಲ. ವಿದೇಶಾಂಗ ಇಲಾಖೆಯ ಕಚೇರಿಗೆ ಪೌರತ್ವ ಬೇಕೇ ಬೇಕು, ಸೇನಾ ಕಾಲೇಜುಗಳಲ್ಲೂ ಸಾಮಾನ್ಯವಾಗಿ ಹಾಗೇ. ಇತಿಹಾಸ ಓದಿದವರಿಗೆ ಪದವಿ ಆದ ಮೇಲೆ ಕೆಲಸದ ಅನುಮತಿ 12 ತಿಂಗಳು ಮಾತ್ರ, ಎಂಜಿನಿಯರಿಂಗ್ ಓದಿದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಇವರಿಗಿಲ್ಲ. ಎಚ್-1ಬಿ ಲಾಟರಿ ಯೂನಿವರ್ಸಿಟಿ ಕೆಲಸಕ್ಕೆ ಅನ್ವಯಿಸುವುದಿಲ್ಲ ಅನ್ನುವುದು ಒಂದು ಸಮಾಧಾನ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ವೀಸಾ ನಿಯಮ ಹೀಗೆ ಬದಲಾಗುತ್ತಲೇ ಇರುವುದರಿಂದ ಅರ್ಜಿ ಹಾಕುವ ವರ್ಷದ ನಿಯಮ ನೋಡಿಕೊಳ್ಳಿ.

ಇನ್ನೊಂದು ದಾರಿ ಭಾರತದಲ್ಲೇ ಇದೆ. ದೆಹಲಿಯ ಜೆಎನ್‌ಯುನಲ್ಲಿ ಅಮೆರಿಕ ಅಧ್ಯಯನಕ್ಕೆ ಹಳೆಯ ನೆಲೆ ಇದೆ. ಇಲ್ಲಿ ಪಿಎಚ್‌ಡಿಗೆ ಸೇರಿ, ಫುಲ್‌ಬ್ರೈಟ್-ನೆಹರೂ ಫೆಲೋಶಿಪ್ ಮೇಲೆ ಕೆಲವು ತಿಂಗಳು ಅಲ್ಲಿಗೆ ಹೋಗಿ ದಾಖಲೆ ನೋಡಿ ಬರಬಹುದು. ನೆಟ್ ಅಥವಾ ಕೆ-ಸೆಟ್ ಪಾಸಾದರೆ ನಮ್ಮ ಕಾಲೇಜುಗಳಲ್ಲೇ ಕಲಿಸಬಹುದು. ಅಮೆರಿಕದ ಸಂಬಳಕ್ಕೆ ಇದು ಸಮ ಅಲ್ಲ. ಆದರೆ ಅಮೆರಿಕವನ್ನು ಹೊರಗಿನಿಂದ ನೋಡುವ ಮೇಷ್ಟ್ರು ನಮಗೂ ಬೇಕು ತಾನೇ?

ಕನ್ನಡ ಗೊತ್ತಿರುವುದು ಈ ಕ್ಷೇತ್ರದಲ್ಲಿ ನಿಜವಾದ ಬಲ. ವಾಷಿಂಗ್ಟನ್‌ನ ಕಾಗದ ಮಾತ್ರ ಓದಿ ಬರೆದ ಪ್ರಬಂಧಕ್ಕೆ ಈಗ ಬೆಲೆ ಕಡಿಮೆ, ಎರಡೂ ಕಡೆಯ ದಾಖಲೆ ಓದಿರಬೇಕು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದದ್ದು ಸರ್ಕಾರ ಕೊಟ್ಟ ಜಮೀನಿನ ನೆರವಿನಿಂದ ಶುರುವಾದ ಅಮೆರಿಕದ ಲ್ಯಾಂಡ್ ಗ್ರಾಂಟ್ ಕಾಲೇಜುಗಳ ಮಾದರಿಯಲ್ಲಿ, ಟೆನ್ನೆಸ್ಸೀ ಯೂನಿವರ್ಸಿಟಿಯ ನೆರವಿನಿಂದ. ಅಮೆರಿಕದ ಆಹಾರ ನೆರವಿನ ಪಿಎಲ್ 480 ಕಾನೂನಿನಡಿ ಬಂದ ಗೋಧಿಗೆ ಭಾರತ ಕೊಟ್ಟ ರೂಪಾಯಿಯ ಒಂದು ಭಾಗದಲ್ಲಿ 1960ರ ದಶಕದಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ಲೈಬ್ರರಿಗಳಿಗೆ ಕಳಿಸಿದರು, ಕನ್ನಡ ಪುಸ್ತಕಗಳೂ ಹೋದವು. ಶೀತಲ ಸಮರದಲ್ಲಿ ಗೋಧಿ, ಬೀಜ, ಪುಸ್ತಕ ಹೇಗೆ ಕೆಲಸ ಮಾಡಿದವು ಎಂದು ಮೈಸೂರು ರಾಜ್ಯದ ಪತ್ರಿಕೆ ಮತ್ತು ಕಡತ ಓದಿ ಬರೆಯಬಲ್ಲವರು ಎಷ್ಟು ಜನ ಇದ್ದಾರೆ?

ತೀರ್ಮಾನಕ್ಕೆ ಮೊದಲು

ಖರ್ಚಿಲ್ಲದೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಆ ದಾಖಲೆ ಸಂಪುಟಗಳು ವಿದೇಶಾಂಗ ಇಲಾಖೆಯ ಇತಿಹಾಸ ಕಚೇರಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. 2005ರಲ್ಲಿ ಬಂದ 1971ರ ದಕ್ಷಿಣ ಏಷ್ಯಾ ಬಿಕ್ಕಟ್ಟಿನ ಸಂಪುಟ ತೆಗೆಯಿರಿ. ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ನಿಕ್ಸನ್ ಮತ್ತು ಕಿಸಿಂಜರ್ ಏನು ಮಾತಾಡಿದರು, ಢಾಕಾದಲ್ಲಿದ್ದ ಅವರದೇ ಅಧಿಕಾರಿ ಆರ್ಚರ್ ಬ್ಲಡ್ ಏಪ್ರಿಲ್‌ನಲ್ಲಿ ಕಳಿಸಿದ ಪ್ರತಿಭಟನೆಯ ತಂತಿಯಲ್ಲಿ ಏನಿತ್ತು, ಓದಿ. ಆಮೇಲೆ ಮನೆಯ ಹತ್ತಿರದ ಪಿಯುಸಿ ಹುಡುಗರನ್ನು ಕೂರಿಸಿಕೊಂಡು ಅದನ್ನೇ ಪಾಠ ಮಾಡಿ ನೋಡಿ. ದಾಖಲೆಯನ್ನು ಕೆಳಗಿಡಲು ಮನಸ್ಸೇ ಬರದಿದ್ದರೆ ಪಿಎಚ್‌ಡಿ ಅಥವಾ ಇತಿಹಾಸ ಕಚೇರಿಯ ಕಡೆ ಯೋಚಿಸಿ. ಹುಡುಗರು ಕೇಳಿದ ಪ್ರಶ್ನೆ ರಾತ್ರಿಯೆಲ್ಲ ಕಾಡಿದರೆ ತರಗತಿಯೇ ನಿಮ್ಮ ಜಾಗ, ಮತ್ತು ಅದಕ್ಕೆ ಏಳು ವರ್ಷ ಕಾಯಬೇಕಿಲ್ಲ.

ಪಿಎಚ್‌ಡಿಗೇ ಹೋಗುವುದಾದರೆ ಅರ್ಜಿಗಳ ಕೊನೆ ದಿನಾಂಕ ಹೆಚ್ಚಾಗಿ ಡಿಸೆಂಬರ್‌ನಲ್ಲಿ ಬರುತ್ತದೆ. ಅದಕ್ಕೆ ಮೊದಲು ನೀವು ಕೆಲಸ ಮಾಡಬಯಸುವ ಪ್ರೊಫೆಸರ್‌ಗೆ ಮೇಲ್ ಬರೆದು, ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರಾ, ನಿವೃತ್ತಿ ಹತ್ತಿರ ಇದೆಯಾ ಎಂದು ವಿಚಾರಿಸಿ. ಸೀಟು ಸಿಕ್ಕ ಮೇಲೆ ಅಲ್ಲಿನ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ, ಕಳೆದ ಐದು ವರ್ಷದಲ್ಲಿ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಡಿಪಾರ್ಟ್‌ಮೆಂಟ್ ಈ ಪಟ್ಟಿ ಕೊಡಲು ಹಿಂದೆಮುಂದೆ ನೋಡಿದರೆ ಅದನ್ನೇ ಉತ್ತರ ಎಂದು ತಿಳಿಯಿರಿ. ಹಣ ಕೊಟ್ಟು ಕರೆಯುವ ಅಮೆರಿಕದ ಹೆಚ್ಚಿನ ಯೂನಿವರ್ಸಿಟಿಗಳು ಏಪ್ರಿಲ್ 15ರವರೆಗೆ ಯೋಚಿಸಲು ಸಮಯ ಕೊಡುತ್ತವೆ. ಅದಕ್ಕೂ ಮೊದಲೇ ಹೂಂ ಅನ್ನಿ ಎಂದು ಯಾರಾದರೂ ಅವಸರ ಮಾಡಿದರೆ ಒಪ್ಪಬೇಡಿ, ಸ್ಟೈಪೆಂಡ್ ಎಷ್ಟು ವರ್ಷಕ್ಕೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ.